ತೋರಿಕೆಯ ಮನೆ

ಜೇಬು ಎಷ್ಟೇ ಸಣ್ಣದಿರಲಿ, ಬುದ್ಧಿ ದೊಡ್ಡದಿದ್ದರೆ ಎಂಥ ದುಬಾರಿ ನಗರವನ್ನೂ ಸುತ್ತಿ ಬರಬಹುದು ಎಂದು ಸಾಧಿಸಿ ತೋರಿಸಲು ನಾನು ಹೊರಟಿದ್ದೆ. ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ದೃಷ್ಟಿ ಕೊಟ್ಟವನಿಗೆ ದೂರದೃಷ್ಟಿ ಇಲ್ಲದಿರುತ್ತದೆಯೇ?

"ದೂರದ್ದು ಇರಬಹುದು. ನಿಮಗೆ ಹತ್ತಿರದ್ದೇ ಕಾಣಲ್ಲ," ಎಂದಳು ಹೆಂಡತಿ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಕಾಲು ಮಡಚೋದು ಗೊತ್ತಿದ್ರೆ ಯಾವ ಹಾಸಿಗೆ ಆದ್ರೂ ಸಾಕು," ಎಂದೆ. ಈ ಮಾತು ನನಗೇ ಬಹಳ ಹಿಡಿಸಿ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದೆ. ನಮ್ಮತ್ತೆಯವರಿಗೂ ಹೇಳಿದೆ. ಅದೇ ತಪ್ಪಾಯಿತು. ಅವರೂ ಹೊರಟರು.

ನಗರದಲ್ಲಿ ಸಿಕ್ಕ ಕೋಣೆ ಎಷ್ಟು ಚಿಕ್ಕದೆಂದರೆ, ಒಬ್ಬರು ಸೂಟ್‌ಕೇಸ್ ತೆರೆಯಬೇಕಾದರೆ ಉಳಿದಿಬ್ಬರು ಮಂಚ ಹತ್ತಿ ನಿಲ್ಲಬೇಕಿತ್ತು. ಬೀದಿಗಿಳಿದರೆ ಕುಡಿಯುವ ನೀರಿಗೆ ದುಡ್ಡು, ಉದ್ಯಾನದ ಬೆಂಚಿಗೆ ದುಡ್ಡು, ಕುಡಿದ ನೀರನ್ನು ಹೊರಗೆ ಹಾಕಲು ಅದಕ್ಕಿಂತ ಹೆಚ್ಚು ದುಡ್ಡು. ಮೊದಲ ದಿನ ನಾವು ಅಂಗಡಿಗಳ ಗಾಜಿನ ಹೊರಗೆ ನಿಂತು ಬೆಲೆ ಓದಿದೆವು. ಹೆಂಡತಿ ಒಂದು ಕೈಚೀಲದ ಬೆಲೆಯನ್ನು ಎರಡು ಸಲ ಓದಿ, "ಇದು ಫೋನ್ ನಂಬರ್ ಇರಬೇಕು," ಎಂದಳು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಯಾರೋ ಕೈಗೆ ಕರಪತ್ರ ತುರುಕಿದರು. ಮುಗಿಲು ಮುಟ್ಟುವ ಕಟ್ಟಡದಲ್ಲಿ ಅರಮನೆಯಂಥ ಮನೆಗಳು ಮಾರಾಟಕ್ಕಿವೆ, ಮಾದರಿ ಮನೆ ನೋಡಲು ಬನ್ನಿ, ಕಾರು ಮತ್ತು ಊಟ ನಮ್ಮದು ಎಂದಿತ್ತು. ನನ್ನ ದೂರದೃಷ್ಟಿ ಥಟ್ಟನೆ ಕಣ್ಣು ಬಿಟ್ಟಿತು.

"ನಾವೇನು ಮನೆ ತಗೋತೀವಾ?" ಎಂದಳು ಹೆಂಡತಿ.

"ನೋಡ್ತೀವಿ ಅಷ್ಟೆ."

"ನೋಡಿದ್ಮೇಲೆ ಏನು ಹೇಳ್ತೀರಿ?"

"ಅಡುಗೆಮನೆ ಚಿಕ್ಕದಾಯ್ತು ಅಂತ. ಆ ಮಾತಿಗೆ ಯಾರೂ ಎದುರು ಮಾತಾಡಲ್ಲ."

ಮೆತ್ತನೆಯ ಕಾರು ಬಂದು ನಮ್ಮನ್ನು ಕೂರಿಸಿಕೊಂಡಿತು. ಹಿಂದಿನಿಂದ ಅತ್ತೆ ನನ್ನ ಭುಜ ತಟ್ಟಿ, "ಅಳಿಯಂದ್ರೇ, ಬೆಳಿಗ್ಗೆಯಿಂದ ಹೇಳ್ತಾ ಇದೀನಿ," ಎಂದರು. ಕೋಣೆಯ ಹೊರಗಿನ ಶೌಚಾಲಯಕ್ಕೆ ಸಾಲು, ಬೀದಿಯದಕ್ಕೆ ದುಡ್ಡು. ಹಾಗಾಗಿ ನಾನು ಆಗಿನಿಂದಲೂ ಹೇಳುತ್ತಿದ್ದ ಉತ್ತರವನ್ನೇ ಹೇಳಿದೆ. "ಸ್ವಲ್ಪ ತಡ್ಕೊಳ್ಳಿ ಅತ್ತೆ."

ಮಾದರಿ ಮನೆ ತೋರಿಸಲು ಬಂದ ಹೆಂಗಸು ನಗುತ್ತಲೇ ಹುಟ್ಟಿದವಳಂತಿದ್ದಳು. ಹಣ್ಣಿನ ರಸ ಕೊಟ್ಟಳು. ಅಡುಗೆಮನೆಗೆ ಕರೆದೊಯ್ದಳು. ನನ್ನ ಅಂಗಡಿ, ಅದರ ಪಕ್ಕದ ಚಪ್ಪಲಿ ಅಂಗಡಿ ಎರಡನ್ನೂ ಅದರೊಳಗಿಟ್ಟು ನಡುವೆ ಓಡಾಡಬಹುದಿತ್ತು.

"ಸ್ವಲ್ಪ ಚಿಕ್ಕದಾಯ್ತು," ಎಂದು ಮೂಗು ಮುರಿದೆ.

"ಪಕ್ಕದಲ್ಲಿ ಇನ್ನೂ ದೊಡ್ಡದಿದೆ ಸರ್, ಬನ್ನಿ."

ಅಲ್ಲಿ ಬೇರೆ ತಪ್ಪು ಹುಡುಕಬೇಕಾಯಿತು. "ಮಲಗೋ ಕೋಣೆ ತುಂಬ ದೂರ. ನೀರು ಕುಡಿಯೋಕೆ ಎದ್ದು ಹೋದ್ರೆ ವಾಪಸ್ ಬರೋ ಹೊತ್ತಿಗೆ ಬೆಳಗಾಗುತ್ತೆ," ಎಂದೆ. ಹೀಗೆ ಟೀಕಿಸುತ್ತ ಮೊದಲ ಮನೆಗೆ ಮರಳಿದೆವು. ಅಷ್ಟರಲ್ಲಿ ಬೇರೆ ದಂಪತಿ ಬಂದಿದ್ದರು. ಆ ಗಂಡನ ಕನ್ನಡಕ ನೋಡಿದ ಕೂಡಲೇ ಗೊತ್ತಾಯಿತು, ಇವರು ನಿಜವಾಗಿ ಕೊಳ್ಳುವವರು. ಅಂಥ ಚೌಕಟ್ಟನ್ನು ನಾನು ಚಿತ್ರದಲ್ಲಷ್ಟೇ ಕಂಡಿದ್ದೆ. ಅವರ ಮುಂದೆ ನನ್ನ ಗತ್ತು ಇನ್ನೂ ಒಂದು ಗೇಣು ಏರಿತು.

"ರೀ, ಅಮ್ಮ ಎಲ್ಲಿ?" ಎಂದು ಹೆಂಡತಿ ಪಿಸುಗುಟ್ಟಿದಳು.

ಉತ್ತರ ಅಮೃತಶಿಲೆಯ ಗೋಡೆಯಾಚೆಯಿಂದ ಬಂತು. "ಅಳಿಯಂದ್ರೇ, ನೀರು ಬರ್ತಾ ಇಲ್ಲ."

ನಗುವ ಹೆಂಗಸು ಮೊದಲ ಸಲ ನಗು ನಿಲ್ಲಿಸಿದಳು. "ಸರ್, ಅದು ಬರೀ ತೋರಿಸೋಕೆ ಇಟ್ಟಿರೋದು. ಅದಕ್ಕೆ ಪೈಪೇ ಇಲ್ಲ."

ಹೆಂಡತಿ ಸೋಫಾದ ಮೇಲೆ ಕುಸಿದು, ಏನೂ ತೋಚದೆ ಮೇಜಿನ ಮೇಲಿದ್ದ ಸೇಬನ್ನು ಕೈಗೆತ್ತಿಕೊಂಡಳು. ಅದು ಪ್ಲಾಸ್ಟಿಕ್ಕಿನದು. ಬಾಗಿಲು ತೆರೆಯಿತು. ಅತ್ತೆ ಬಹಳ ನೆಮ್ಮದಿಯ ಮುಖದಿಂದ ಹೊರಬಂದು, ಇಡೀ ಮನೆಗೆ ಕೇಳುವಂತೆ ತೀರ್ಪು ಕೊಟ್ಟರು. "ಇಷ್ಟು ದುಬಾರಿ ಮನೆಗೆ ನೀರಿನ ವ್ಯವಸ್ಥೆನೇ ಇಲ್ಲ. ಇದು ಬೇಡ ಅಳಿಯಂದ್ರೇ. ತಗೊಂಡ್ರೆ ಪಕ್ಕದ್ದೇ ತಗೊಳ್ಳಿ."

ಕನ್ನಡಕದ ಸಾಹುಕಾರ ನಮ್ಮ ಕಡೆ ತಿರುಗಿದ. ಆ ಹೆಂಗಸು ಬಚ್ಚಲ ಬಾಗಿಲು ಎಳೆದು, ಎಲ್ಲಿಂದಲೋ ತಂದ 'ಕೆಲಸ ನಡೆಯುತ್ತಿದೆ' ಎಂಬ ಫಲಕ ತಗುಲಿಸಿ, ಆ ದಂಪತಿಯನ್ನು ಕರೆದುಕೊಂಡು ಹೊರಟುಹೋದಳು. ನಮಗೆ ಓಡಿಹೋಗುವಂತೆಯೂ ಇರಲಿಲ್ಲ, ಕಾರು ಅವರದು. ಶಾಲೆಯಲ್ಲಿ ಗಾಜು ಒಡೆದ ಮಕ್ಕಳಂತೆ ಮೂವರೂ ಸೋಫಾದ ಮೇಲೆ ಸಾಲಾಗಿ ಕುಳಿತೆವು. ಪೊಲೀಸರು ಬರುತ್ತಾರೋ, ಊಟ ಬರುತ್ತದೋ ತಿಳಿಯಲಿಲ್ಲ.

ಕೊನೆಗೆ ಆಕೆಯೇ ಬಂದಳು. ನಾನು ಎದ್ದು ನಿಂತೆ. "ನೋಡಿ, ನಾವು ನಿಜವಾಗಿ..."

"ಗೊತ್ತು ಸರ್. ಕೊಳ್ಳೋರು ಬಂದ ತಕ್ಷಣ ಬೆಲೆ ಕೇಳ್ತಾರೆ. ನೀವು ಊಟ ಎಷ್ಟು ಹೊತ್ತಿಗೆ ಅಂತ ಕೇಳಿದ್ರಿ."

"ಮತ್ತೆ ಯಾಕೆ ಎಲ್ಲಾ ತೋರಿಸಿದ್ರಿ?"

"ಖಾಲಿ ಮನೆ ಕಂಡ್ರೆ ಯಾರೂ ಕೊಳ್ಳಲ್ಲ. ಇನ್ಯಾರೋ ನೋಡ್ತಾ ಇದಾರೆ ಅಂದ್ರೆ ಆಸೆ ಆಗುತ್ತೆ. ಅಮ್ಮಾವ್ರು ಪಕ್ಕದ್ದೇ ತಗೊಳ್ಳಿ ಅಂದ್ರಲ್ಲ, ಎಲ್ಲಿ ಕೈ ತಪ್ಪುತ್ತೋ ಅಂತ ಆ ಗಂಡ ಹೆಂಡತಿ ಆಗಲೇ ಅದಕ್ಕೆ ಮುಂಗಡ ಕೊಟ್ಟುಬಿಟ್ರು." ಆಕೆಯ ನಗು ಮರಳಿ ಬಂದಿತ್ತು. "ನಾಳೆನೂ ಬರ್ತೀರಾ? ಕಾರು ಕಳಿಸ್ತೀನಿ. ಬಟ್ಟೆ ಮಾತ್ರ ಬೇರೆ ಹಾಕ್ಕೊಂಡು ಬನ್ನಿ."

ನಾನು ಎದೆಯುಬ್ಬಿಸಿ ಒಪ್ಪುವಷ್ಟರಲ್ಲಿ ಹೆಂಡತಿ ಸೇಬನ್ನು ಕೆಳಗಿಟ್ಟಳು.

"ಬಿಟ್ಟಿ ಊಟ ಅಂತ ಇವರು ಕರ್ಕೊಂಡು ಬಂದ್ರು, ಮಾಡಿದ್ದು ಬಿಟ್ಟಿ ಚಾಕರಿ. ನಾಳೆ ಬರೋದಾದ್ರೆ ಕೂಲಿ ಕೊಡ್ಬೇಕು."

ಆಕೆ ಹೆಂಡತಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಬ್ಬರಿಗೆ ಕೊಡ್ತೀನಿ. ಸರ್ ಬೇಡ. ಅವರನ್ನ ನೋಡಿದ್ರೆ ದುಡ್ಡಿಲ್ಲ ಅಂತ ಗೊತ್ತಾಗಿಬಿಡುತ್ತೆ."

ಮರುದಿನ ತಾಯಿ, ಮಗಳು ಕಾರಿನಲ್ಲಿ ಕುಳಿತು ನಗರ ನೋಡುತ್ತ ಕೆಲಸಕ್ಕೆ ಹೋದರು. ನಾನು ಕೋಣೆಯಲ್ಲಿ ಉಳಿದು ಅವರಿಬ್ಬರ ಹಿಂದಿನ ದಿನದ ಬಟ್ಟೆ ಒಗೆದೆ. ಅದರ ಮರುದಿನಕ್ಕೆ ಬೇಕಲ್ಲ.