ಟರ್ಬೋ ಬೇಡ, ಪೈಪು ನೋಡಿ

ಬಂಟ್ವಾಳದಲ್ಲಿ ನನ್ನದು ವಾಹನದ ಬಿಡಿಭಾಗಗಳ ಅಂಗಡಿ. ಕಾಯಿಲೆ ಹೇಳಿಕೊಂಡು ಬರುವ ಗಿರಾಕಿಗಳು ಕಡಿಮೆ. ಮದ್ದಿನ ಹೆಸರು ತಾವೇ ತೀರ್ಮಾನಿಸಿ ಬರುವವರೇ ಹೆಚ್ಚು. ಅಂಥವರಿಲ್ಲದ ವಾರ ನನಗೆ ನೆನಪಿಲ್ಲ. ಅವರಲ್ಲಿ ಬೆಳ್ತಂಗಡಿಯ ಒಬ್ಬ ಹೋಟೆಲಿನವರದ್ದು ಬೇರೆಯೇ ದರ್ಜೆ.

ಕಟ್ಟಿ ಹಾಕಿದ ಕಡ್ಡಿ

"ಅಣ್ಣಾ, ಒಂದು ಟರ್ಬೋ ಕೊಡಿ" ಎಂದು ಬಂದರು. ಅವರದ್ದು ಹಳೆಯ ಡೀಸೆಲ್ ಕಾರು. ಏರು ಬಂದರೆ ಉಬ್ಬಸ, ಜೊತೆಗೆ ಆಯಿಲ್ ಸೋರಿಕೆ. ಪುಂಜಾಲಕಟ್ಟೆಯ ಹತ್ತಿರ ಅದು ನಿಂತುಹೋಗಿ, ಮದುವೆಮನೆಗೆ ಹೊರಟಿದ್ದ ಅವರ ತಾಯಿ ರೇಷ್ಮೆಯ ಪಟ್ಟೆಸೀರೆಯಲ್ಲೇ ಮೀನಿನ ಟೆಂಪೋ ಹತ್ತಿ ಹೋಗಬೇಕಾಯಿತಂತೆ. ತಾಯಿಯ ಆಜ್ಞೆ ಆಗಿತ್ತು: "ಮುಂದಿನ ಭಾನುವಾರದೊಳಗೆ ಸರಿಯಾಗದಿದ್ದರೆ ಗುಜರಿಗೆ." ಇವರೋ, ದುಡಿದು ಕೊಂಡ ಮೊದಲ ಕಾರು ಎಂದು ಬಿಡಲೊಲ್ಲರು.

ಎಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ ಆ ಟರ್ಬೋ ನನ್ನಲ್ಲಿತ್ತು. ಕೊಟ್ಟುಬಿಡಬಹುದಿತ್ತು. ಆದರೆ ಹಾಕಿದ ಮೇಲೂ ಕಾರು ಏರು ಹತ್ತದಿದ್ದರೆ ಅದೇ ಟರ್ಬೋ ಮಸಿ ಹಿಡಿದುಕೊಂಡು ವಾಪಸ್ ಬರುತ್ತದೆ. ಬಾನೆಟ್ ಎತ್ತಿಸಿದೆ.

ಎಂಜಿನ್ನಿನ ಒಳಗಿನ ಹೊಗೆ ಹೊರಗೆ ಹೋಗಲು ಒಂದು ದಪ್ಪ ಪೈಪು ಇರುತ್ತದೆ. ಅದರ ಜಾಗದಲ್ಲಿ ಹಸಿರು ಬಣ್ಣದ ನೀರಿನ ಪೈಪು, ಬಿಸಿಗೆ ಮೆತ್ತಗಾಗಿ ಚಪ್ಪಟೆ.

"ಇದು ಎಂತ ಮಾರಾಯ್ರೆ?"

"ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಪೈಪು. ಒಳ್ಳೆ ಕ್ವಾಲಿಟಿ."

ಹೊಗೆಗೆ ದಾರಿಯಿಲ್ಲದೆ ಆಯಿಲ್ ನೋಡುವ ಕಡ್ಡಿಯನ್ನೇ ಅದು ಮೇಲೆ ದೂಡುತ್ತಿತ್ತು, ಆಯಿಲ್ ಸೋರುವುದೂ ಅದರಿಂದಲೇ. ಇವರು ಆ ಕಡ್ಡಿಯನ್ನು ಹುರಿಹಗ್ಗದಿಂದ ಬಿಗಿದಿದ್ದರು.

"ಕುಕ್ಕರ್ ಕೂಗಿದರೆ ವಿಷಲನ್ನು ಹೀಗೆಯೇ ಕಟ್ತೀರಾ?" ಎಂದು ಕೇಳಿದೆ.

ಅವರು ಗಂಭೀರವಾಗಿ ಹೇಳಿದರು: "ಛೆ, ಛೆ. ಅಲ್ಲಿ ಗಿರಾಕಿಗಳು ಇರ್ತಾರಲ್ವಾ!"

ಬಾವನ ತೋಟದ ಹಾಲು

ಎಣ್ಣೆ ತಡೆಯುವ ಸರಿಯಾದ ಪೈಪು ಕೊಟ್ಟೆ. ಸೋರಿಕೆ ನಿಂತಿತು, ಉಬ್ಬಸ ನಿಲ್ಲಲಿಲ್ಲ. ಟರ್ಬೋಗೆ ಅಪ್ಪಣೆ ಕೊಡುವ ಸಣ್ಣ ವ್ಯಾಕ್ಯೂಮ್ ಪೈಪುಗಳಲ್ಲಿ ಎಲ್ಲೋ ಬಿರುಕಿರಬೇಕು, ಹುಡುಕಿಸಿ ಎಂದು ಫೋನಿನಲ್ಲಿ ಹೇಳಿದೆ.

ಎರಡು ದಿನ ಬಿಟ್ಟು ಕಾರು ಮತ್ತೆ ಬಂತು. ಮೂಗು ಮುಚ್ಚುವಷ್ಟು ಹುಳಿ ನಾತ. ಪೈಪುಗಳ ಮೇಲೆಲ್ಲ ಬಿಳಿಯ ಅಂಟು. ಅದರಲ್ಲಿ ಇರುವೆ, ನೊಣ, ಒಂದು ಒಣ ಎಲೆ.

"ನನ್ನ ಬಾವನ ತೋಟದ ರಬ್ಬರ್ ಮರದ ಹಾಲು, ಬಿರುಕು ಮುಚ್ಚಲಿ ಅಂತ ಬಳಿದೆ" ಎಂದರು. "ಪೈಪು ರಬ್ಬರಿನದ್ದು, ಹಾಲೂ ರಬ್ಬರಿನದ್ದು. ಹಿಡಿಯದೆ ಎಲ್ಲಿಗೆ ಹೋಗ್ತದೆ? ನೀರು ಸಹ ಬೆರೆಸಿಲ್ಲ."

"ತಾಯಿ ಎಂತ ಹೇಳಿದರು?"

"ಇದರಲ್ಲಿ ಕೂತರೆ ನನ್ನನ್ನೂ ರಬ್ಬರಿನ ಹಾಗೆ ಶೀಟ್ ಮಾಡಿ ಒಣಗಿಸ್ತೀಯ ಅಂತ ಹೇಳಿದರು. ಹತ್ತಲಿಲ್ಲ."

ಹೊಗೆ ಪರೀಕ್ಷೆ

ಭಾನುವಾರ ಬಂದೇ ಬಿಟ್ಟಿತು. ಕಾರನ್ನು ಮೂಡುಬಿದಿರೆಯಲ್ಲಿ ನನ್ನ ಪರಿಚಯದ ಮೆಕ್ಯಾನಿಕ್‌ನ ಗ್ಯಾರೇಜಿಗೆ ತರಲು ಹೇಳಿ, ಪೈಪಿನ ಸುರುಳಿ ಹಿಡಿದುಕೊಂಡು ನಾನೂ ಹೋದೆ. ತೀರ್ಪು ಕೊಡಲು ತಾಯಿ ಬಸ್ಸಿನಲ್ಲಿ ಬಂದಿದ್ದರು. ಹಣೆಯ ತುಂಬ ಕುಂಕುಮ, ಕೈಯಲ್ಲಿ ಕೊಡೆ, ಮುಖದಲ್ಲಿ ನಗೆಯಿಲ್ಲ.

ಮೆಕ್ಯಾನಿಕ್ ಅಂಟನ್ನೆಲ್ಲ ಕೆರೆದು ತೆಗೆದ. ಕಣ್ಣಿಗೆ ಬಿರುಕು ಕಾಣಲಿಲ್ಲ. "ಒಳಗೆ ಹೊಗೆ ಊದಬೇಕು. ತೂತು ಇದ್ದಲ್ಲಿ ಹೊರಗೆ ಬರ್ತದೆ. ಯಂತ್ರ ನನ್ನಲ್ಲಿಲ್ಲ, ಬೀಡಿ ಸಾಕು. ನಾನು ಬಿಟ್ಟು ವರ್ಷವಾಯಿತು. ಎಳೆಯುವವರು ಯಾರಾದರೂ ಇದ್ದೀರಾ?"

ಹೋಟೆಲಿನವರು ಆಕಾಶ ನೋಡಿದರು.

ತಾಯಿ ಕೊಡೆಯ ತುದಿಯಿಂದ ಡಿಕ್ಕಿ ತೋರಿಸಿದರು. "ಸ್ಟೆಪ್ನಿಯ ಅಡಿಯಲ್ಲಿ ಬೀಡಿಯ ಕಟ್ಟು ಉಂಟು. ತೆಗೆ."

"ಅಮ್ಮಾ, ಅದು ಬಾವನದ್ದು..."

"ಮದುವೆಯಾದಂದಿನಿಂದ ಬೀಡಿ ಕಟ್ಟಿದವಳು ನಾನು. ಯಾರ ಬಾಯಿಯಿಂದ ವಾಸನೆ ಬರ್ತದೆ ಅಂತ ನನಗೆ ಗೊತ್ತಾಗುವುದಿಲ್ವಾ? ಹಚ್ಚು!"

ನಲುವತ್ತೈದು ದಾಟಿದ ಆಸಾಮಿ, ತಾಯಿಯ ಎದುರು ಬೀಡಿ ಹಚ್ಚಿದರು. ಹೊಗೆ ಎಳೆದು, ವ್ಯಾಕ್ಯೂಮ್ ಪೈಪಿನ ತುದಿ ಬಾಯಿಗಿಟ್ಟು ಊದಿದರು. ಒಳ್ಳೆಯ ಅಭ್ಯಾಸದ ಉಸಿರು. ಎಂಜಿನ್ನಿನ ಹಿಂಬದಿಯಲ್ಲಿ, ಪೈಪು ಬಾಗುವಲ್ಲಿ, ಕೆಳಗಿನ ಮಗ್ಗುಲಿನಿಂದ ದಾರದಂತೆ ಹೊಗೆ ಎದ್ದಿತು. ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಪೈಪು ಸವೆದಿತ್ತು.

ನಾನು ಗೇಣುದ್ದದ ತುಂಡು ಕತ್ತರಿಸಿ ಕೊಟ್ಟೆ. ಮೆಕ್ಯಾನಿಕ್ ಸಿಕ್ಕಿಸಿದ. ತಾಯಿ ಮುಂದಿನ ಸೀಟಿನಲ್ಲಿ ಕುಳಿತು, ಹತ್ತಿರದ ಏರು ರಸ್ತೆ ತೋರಿಸಿದರು. ಮಗ ಸ್ಟೇರಿಂಗ್ ಹಿಡಿದರು, ಕಾರು ಹೋಯಿತು. ಬೇಗನೆ ತಿರುಗಿಯೂ ಬಂತು, ಕೆಮ್ಮದೆ, ನಿಲ್ಲದೆ.

ತಾಯಿ ಇಳಿದರು. ನಾವೆಲ್ಲ ಕೋರ್ಟಿನಲ್ಲಿ ನಿಂತ ಹಾಗೆ ನಿಂತಿದ್ದೆವು.

"ಕಾರನ್ನು ಗುಜರಿಗೆ ಕೊಡುವುದು ಬೇಡ" ಎಂದರು.

ಮಗ ಉಸಿರು ಬಿಟ್ಟರು. ಬಿಟ್ಟದ್ದೇ ಕೆಮ್ಮು ಹತ್ತಿಕೊಂಡು ಕಣ್ಣಲ್ಲಿ ನೀರು ಬಂತು.

ತಾಯಿ ಮೆಕ್ಯಾನಿಕ್‌ನ ಕಡೆ ತಿರುಗಿದರು. "ಬಾನೆಟ್ ಮುಚ್ಚು ಮಗಾ. ಇನ್ನು ಇವನಿಗೊಮ್ಮೆ ಹೊಗೆ ಊದಿ ನೋಡು, ಎಲ್ಲೆಲ್ಲಿಂದ ಹೊರಗೆ ಬರ್ತದೆ ಅಂತ."