ಅಯ್ಯನವರ ಎಡಗೈ ಮತ್ತು ಮೂರು ಚೆಂಡು

ಉಮರ್ಗಾದ ಗುರುಲಿಂಗಯ್ಯನವರು ಒಂದು ರವಿವಾರ ಬೆಳಿಗ್ಗೆ ಚಹಾದ ಬಟ್ಟಲು ಕೆಳಗಿಟ್ಟು ಘೋಷಿಸಿದರು: "ಎಂಟ್ ದಿನಾ ಸಾಕು ನನಗ. ಮೂರೂ ಚೆಂಡು ಗಾಳ್ಯಾಗ ಇರ್ತಾವ. ಒಂದೂ ನೆಲಕ್ ಬೀಳಲ್ಲ."

ಘೋಷಿಸಿದ್ದು ಮೊಮ್ಮಗಳು ಪೂನಮಳ ಎದುರಿಗೆ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿಗೆಂದು ಆಕೆ ಫೋನಿನಲ್ಲಿ ನೋಡಿಕೊಂಡು ಮೂರು ಚೆಂಡು ಎಸೆದು ಹಿಡಿಯುವ ಆಟ ಕಲಿಯುತ್ತಿದ್ದಳು. "ಮುತ್ಯಾ, ನಿನ್ನಿಂದ ಆಗಲ್ಲ ಬಿಡು" ಎಂದು ಹುಡುಗಿ ಅಂದದ್ದೇ ತಪ್ಪಾಯಿತು. ಗುರುಲಿಂಗಯ್ಯನವರೇನು ಸಾಮಾನ್ಯರೇ? ಮೂವತ್ತೈದು ವರ್ಷಗಳಿಂದ ಮನೆಮನೆಯ ಪೂಜೆ ನಡೆಸಿಕೊಂಡು ಬಂದ ಜಂಗಮರು. ಪೂಜೆಯಲ್ಲಿ ಅವರ ಕೈ ನಡುಗಿದ್ದನ್ನು ಕಂಡವರು ಉಮರ್ಗಾದಲ್ಲೂ ಇಲ್ಲ, ಲೋಹಾರಾದಲ್ಲೂ ಇಲ್ಲ.

"ಎಂಟನೇ ದಿನಕ್ಕ ಶೇವಂತಾಬಾಯಿ ಮನಿ ವಾಸ್ತು ಅದ, ನೆಪ್ಪದೇನ್ರಿ?" ಎಂದರು ಹೆಂಡತಿ ಅನುಸೂಯಾಬಾಯಿ. "ಆಕಿ ಸೊಸಿ ಮೊದಲೇ ಹೊಸ ಮನಿಗಿ ಹೊಸ ಸ್ವಾಮಿಗೋಳು ಬೇಕು ಅನ್ಲತ್ತಾಳಂತ. ಅದರ ಚಿಂತಿ ಬಿಟ್ಟು ಚೆಂಡಂತ ಚೆಂಡು."

ಲೋಹಾರಾದ ಶೇವಂತಾಬಾಯಿಯ ಮನೆಗೆ ಅಯ್ಯನವರ ಅಜ್ಜನ ಕಾಲದಿಂದಲೂ ಇವರದೇ ಪೂಜೆ. ಹುಟ್ಟಿದರೂ ಇವರೇ ಬರಬೇಕು, ಸತ್ತರೂ ಇವರೇ. ಆ ಮನೆ ಕೈಬಿಟ್ಟರೆ ಸುತ್ತಲಿನ ಹಳ್ಳಿಗಳಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

"ಎರಡೂ ಮಾಡ್ತೀನಿ" ಎಂದು ಅಯ್ಯನವರು ಚೆಂಡು ಎತ್ತಿಕೊಂಡರು. ಹಳೆಯ ಧೋತರದ ತುಂಡಿಗೆ ಜೋಳ ತುಂಬಿ ಹೊಲಿದ ಚೆಂಡುಗಳು.

ವಿದ್ಯೆ ಬಹಳ ಸರಳ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು. ಬಲಗೈ ಒಂದನ್ನು ಎಸೆಯಬೇಕು. ಅದು ಇಳಿಯತೊಡಗಿದಾಗ ಎಡಗೈ ತನ್ನದನ್ನು ಎಸೆದು, ಬರುವುದನ್ನು ಹಿಡಿಯಬೇಕು. ಅಯ್ಯನವರ ಬಲಗೈ ಎಸೆಯಿತು. ಎಡಗೈ ಎಸೆಯಲಿಲ್ಲ. ಎದೆಯ ಮಟ್ಟಕ್ಕೆ ಬಂದು, ಅಂಗೈ ಬಿಚ್ಚಿ, ಚೆಂಡನ್ನು ಹೊತ್ತುಕೊಂಡು ಅಲ್ಲಾಡದೆ ನಿಂತುಬಿಟ್ಟಿತು. ಎಂಟನೆಯ ವಯಸ್ಸಿನಿಂದ ದಿನವೂ ಇಷ್ಟಲಿಂಗವನ್ನು ಹಿಡಿದ ಅಂಗೈ ಅದು; ಮೇಲೆ ಏನಿಟ್ಟರೂ ಅಲುಗಬಾರದು ಎಂಬುದೊಂದೇ ಅದಕ್ಕೆ ಗೊತ್ತು. ಅಭ್ಯಾಸಬಲದಿಂದ ಕಣ್ಣೂ ಅಲ್ಲಿಯೇ ನೆಟ್ಟಿತು. ಮೇಲೆ ಹೋದ ಚೆಂಡನ್ನು ಕೇಳುವವರೇ ಇಲ್ಲದೆ ಅದು ಪಕ್ಕದ ಒಲೆಯ ಮೇಲೆ ಕುದಿಯುವ ಬೇಳೆಗೆ ಬಿತ್ತು.

"ಚೆಂಡು ಆಡ್ಲತ್ತೀರೋ, ಧ್ಯಾನಕ್ ನಿಂತೀರೋ?" ಅನುಸೂಯಾಬಾಯಿ ಸೌಟಿನಿಂದ ಚೆಂಡನ್ನು ಎತ್ತುತ್ತ ಕೇಳಿದರು.

"ಎಡಗೈ ನನ್ನ ಮಾತ್ ಕೇಳ್ವಲ್ದು."

"ನಲ್ವತ್ತ್ ವರ್ಷ ಆಯ್ತು, ನನ್ನ ಮಾತ್ ನಿಮ್ಮ ಯಾವ ಕೈನೂ ಕೇಳಿಲ್ಲ. ನಾ ಸುಮ್ನಿಲ್ಲೇನು?"

ನಾಲ್ಕು ದಿನದಲ್ಲಿ ಎರಡು ಕಪ್ಪು, ಒಂದು ಗೋಡೆ ಗಡಿಯಾರ, ಪಕ್ಕದ ಮನೆಯ ಬಸವಣ್ಣೆಪ್ಪನ ಕನ್ನಡಕ ಬಲಿಯಾದವು. ಐದನೆಯ ದಿನ ಅಯ್ಯನವರಿಗೆ ಜ್ಞಾನೋದಯವಾಯಿತು. ಎಡಗೈ ಯಾರ ಮಾತು ಕೇಳದಿದ್ದರೂ ಮಂತ್ರದ ಮಾತು ಕೇಳಲೇಬೇಕಲ್ಲ! ಪೂನಮ 'ಎಸಿ, ಎಸಿ, ಹಿಡಿ' ಎಂದು ಎಣಿಸುತ್ತಿದ್ದರೆ ಇವರು 'ನಮಃ ಶಿವಾಯ' ಎಂದರು. ಒಂದೊಂದು ಅಕ್ಷರಕ್ಕೆ ಒಂದೊಂದು ಎಸೆತ. ಎಡಗೈ ಮೊದಲು ಅನುಮಾನಿಸಿತು, ಆಮೇಲೆ ಹೆದರುತ್ತ ಎಸೆಯಿತು. ಶನಿವಾರದ ಹೊತ್ತಿಗೆ ಮಂತ್ರ ಒಂದು ಸಲ ಮುಗಿಯುವ ತನಕ ಚೆಂಡುಗಳು ಬೀಳದೆ ನಿಂತವು. ಐದೇ ಎಸೆತ. ಮಂತ್ರ ನಿಂತೊಡನೆ ಆರನೆಯದು ನೆಲಕ್ಕೆ.

ರವಿವಾರ ಅಯ್ಯನವರು ಪೂನಮಳನ್ನೂ ಕರೆದುಕೊಂಡು ಲೋಹಾರಾದ ಬಸ್ಸು ಹತ್ತಿದರು. ವಾಸ್ತುಪೂಜೆ ಎಷ್ಟು ಚೆನ್ನಾಗಿ ನಡೆಯಿತೆಂದರೆ ಅನುಮಾನದಿಂದಲೇ ಕೂತಿದ್ದ ಸೊಸೆ ಶೀತಲ್ ಕೂಡ ಕೊನೆಗೆ ಭಕ್ತಿಯಿಂದ ಕೈಮುಗಿದಳು. ಮನೆ ಉಳಿಯಿತು ಎಂದುಕೊಂಡು ಅಯ್ಯನವರು ಆಶೀರ್ವಾದಕ್ಕೆ ಸಜ್ಜಾದರು. ಶೇವಂತಾಬಾಯಿ ತಮ್ಮ ತೋಟದ ಮೋಸಂಬಿ ತಂದು ಅವರ ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು ಇಟ್ಟು ಕಾಲಿಗೆ ಬಿದ್ದರು.

ಅಯ್ಯನವರು ಗಂಭೀರವಾಗಿ ಬಾಯಿ ತೆರೆದರು. "ನಮಃ..."

ಅಷ್ಟೇ ಸಾಕಾಯಿತು. ಮೊದಲ ಮೋಸಂಬಿ ಮೇಲೆ ಹೋಯಿತು. ಎಡಗೈ ಒಂದು ಕ್ಷಣವೂ ತಡಮಾಡದೆ ತನ್ನದನ್ನು ಅದರ ಹಿಂದೆಯೇ ಕಳಿಸಿತು. ಕೈ ನಿಲ್ಲಿಸಬೇಕೆಂದರೆ ಮಂತ್ರ ನಿಲ್ಲಿಸಬೇಕು. ಹೊಸ ಮನೆಯಲ್ಲಿ ಆಶೀರ್ವಾದದ ಮಂತ್ರವನ್ನು ನಡುವೆ ನಿಲ್ಲಿಸಿದರೆ ಅಪಶಕುನ. ನೂರೆಂಟು ಸಲ ಹೇಳುವುದು ಅವರ ಅಜ್ಜನೇ ಹಾಕಿಕೊಟ್ಟ ಪದ್ಧತಿ. ಅಯ್ಯನವರು ಬೆವರುತ್ತ ನೂರೆಂಟೂ ಹೇಳಿದರು. ಮೋಸಂಬಿ ಒಂದೂ ಬೀಳಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಗಂಡಸರು ಫೋನು ತೆಗೆದರು, ಪೂನಮ ಜೋರಾಗಿ ಎಣಿಸಿದಳು. ಕಾಲಿಗೆ ಬಿದ್ದಿದ್ದ ಶೇವಂತಾಬಾಯಿ ಅಲ್ಲಿಂದಲೇ ಕತ್ತೆತ್ತಿ ನೋಡುತ್ತಿದ್ದರು.

ಎಲ್ಲ ಮುಗಿದ ಮೇಲೆ ಅಯ್ಯನವರು ತಲೆ ತಗ್ಗಿಸಿಕೊಂಡು ಚೀಲ ಎತ್ತಿಕೊಂಡರು. ಶೇವಂತಾಬಾಯಿ ಬಾಗಿಲ ತನಕ ಬಂದರು.

"ಅಯ್ಯನವರ, ಬರೋ ತಿಂಗಳ ಮೊಮ್ಮಗನ ಹುಟ್ಟಿದ ದಿನಾ ಅದ. ನೀವು ತಪ್ಪದೆ ಬರ್ಬೇಕ್ರಿ."

ಅಯ್ಯನವರಿಗೆ ಹೋದ ಜೀವ ಬಂದಂತಾಯಿತು. "ಬರ್ತೀನವ್ವಾ. ಪೂಜಿ ಮುಂಜಾನಿನೇ ಇಟ್ಕೊಳ್ಳೋಣೇನು?"

"ಪೂಜಿಗಿ ಕಾಸಾರಶಿರಸಿ ಊರ ಹೊಸ ಸ್ವಾಮಿಗೋಳಿಗಿ ಹೇಳ್ತೀವ್ರಿ" ಎಂದರು ಶೇವಂತಾಬಾಯಿ, ಅಷ್ಟೇ ಭಕ್ತಿಯಿಂದ. "ನೀವು ಸಂಜಿಗಿ ಬರ್ರಿ, ಕೇಕ್ ಕೊಯ್ಯೂ ಹೊತ್ತಿಗಿ."