ಗೋಲ್ ಆದಾಗೆಲ್ಲ ಆಕಾಶ ತೋರಿಸಿದ ಬ್ಲಾಗು

ಹುಬ್ಬಳ್ಳಿಯವನೊಬ್ಬ ಕೊಚ್ಚಿಯಲ್ಲಿ ಕೂತು ಫುಟ್‌ಬಾಲ್ ಬ್ಲಾಗ್ ನಡೆಸಿದರೆ ಏನೇನು ಆಗಬೇಕೋ ಅದೆಲ್ಲ ಆಗುತ್ತಲೇ ಇತ್ತು. ಒಂದು ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು. ಆ ಹುಬ್ಬಳ್ಳಿಯವನು ಐಟಿ ಪಾರ್ಕಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ. ದೊಡ್ಡ ಪತ್ರಿಕೆಗಳು ಮೂಸಿಯೂ ನೋಡದ ಸಣ್ಣ ಕ್ಲಬ್ಬುಗಳ ಪಂದ್ಯಗಳನ್ನು ಬಿಸಿಲಲ್ಲಿ ನಿಂತು ನೋಡಿ, ಇಂಗ್ಲಿಷಿನಲ್ಲಿ ಬರೆದು ಹಾಕುತ್ತಿದ್ದ. ಚೆನ್ನಾಗಿಯೇ ಬರೆಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಓದುಗರು ಮಾತ್ರ ಇಬ್ಬರು: ನಾನು, ಮತ್ತೆ ಅವನೇ.

ಅವನ ಹೆಂಡತಿ, ನನಗೆ ವೈನಿ, ಒಂದು ದಿನ ಷರತ್ತು ಹಾಕಿದರು. "ಒಂದ್ ಭಾನುವಾರನೂ ಮನ್ಯಾಗ ಇರಂಗಿಲ್ಲ ನೀವು. ಓಣಂ ಬರೋದ್ರೊಳಗ ಹೊರಗಿನ ನಾಕು ಮಂದಿ ನೋಡಿದ್ರ ಸರಿ. ಇಲ್ಲಂದ್ರ ಬ್ಲಾಗ್ ಬಂದ್!"

ಅವನ ಮುಖ ಸಪ್ಪಗಾಯಿತು. ಕ್ರೀಡಾ ವರದಿಗಾರ ಆಗಬೇಕು ಅಂತ ಕನಸು ಕಂಡವನು. ಅದರಲ್ಲಿ ಕೈಗೆ ಉಳಿದದ್ದು ಇದೊಂದೇ. ಆಮೇಲೆ ನನ್ನ ಕಡೆ ತಿರುಗಿದ. "ಬರೇ ಅಕ್ಷರ ಯಾರ್ ಓದ್ತಾರಲೇ? ವಿಡಿಯೋ ಹಾಕೋಣು" ಅಂದ.

ತೆಂಗಿನಮರ

ಕ್ಯಾಮೆರಾ ಬಂತು. ಗೋಲಿನ ಹಿಂದೆಯೇ ಜಾಗ ಹಿಡಿದ. ಜಾಗವೇನೋ ಒಳ್ಳೆಯದು, ಆದರೆ ಆಟ ಕಂಡರೆ ಈ ಪುಣ್ಯಾತ್ಮನಿಗೆ ಪ್ರಾಣ. ಚೆಂಡು ಒಳಗೆ ಹೋಗುವ ಹೊತ್ತಿಗೆ ಸರಿಯಾಗಿ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಕ್ಯಾಮೆರಾ ಆ ಕೈಯಲ್ಲೇ ಇರುತ್ತಿತ್ತು. ಹೀಗಾಗಿ ಗೋಲ್ ಆದಾಗೆಲ್ಲ ಪರದೆ ಮೇಲೆ ಆಕಾಶ, ತೆಂಗಿನ ಗರಿ, ಜೊತೆಗೆ "ಹೊಡದಾ ನೋಡಲೇ!" ಅನ್ನುವ ಕೂಗು.

"ಸುಮ್ಮನೆ ನಿಂತ್ಕೊಂಡು ತೆಗಿಯೋ ಮಾರಾಯ" ಅಂದೆ.

"ಗೋಲ್ ಆದಾಗ ಸುಮ್ಮನ ನಿಲ್ಲಾವ ಮನಷ್ಯಾ ಏನಲೇ?"

ಈ ಹುಚ್ಚಿಗೆ ನಾನು ಅಂದೇ ಕೈ ಮುಗಿದೆ. ಮರುದಿನ ಆಫೀಸಿನ ಮಲಯಾಳಿ ಒಬ್ಬನನ್ನು ಬಲವಂತವಾಗಿ ಕೂರಿಸಿ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, ಗಂಭೀರವಾಗಿ ಕೇಳಿದ: "ಅದೆಲ್ಲ ಸರಿ, ಈ ತೆಂಗಿನಮರ ಯಾವ ಟೀಮಿಗೆ ಆಡುತ್ತೆ?"

ಹೇಳೋ ಹಾಗಿಲ್ಲ

ಸಂದರ್ಶನ ಇದ್ದರೆ ಜನ ಬಂದೇ ಬರುತ್ತಾರೆ ಅಂತ ತಿರುವನಂತಪುರದ ರೈಲು ಹತ್ತಿದೆವು. ಅಲ್ಲಿನ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಪುಟ್ಟು ಕಡಲೆ ತಿಂದು, ಮೈಸೂರು ಕಡೆಯ ಒಬ್ಬರು ಸರ್ಕಾರಿ ವಿಜ್ಞಾನಿಗಳ ಕ್ವಾರ್ಟರ್ಸಿಗೆ ಹೋದೆವು. ಫುಟ್‌ಬಾಲಿನವರು ಯಾರೂ ಸಿಕ್ಕಿರಲಿಲ್ಲ; ಇವರು ತಮ್ಮ ಕಚೇರಿಯ ವಾಲಿಬಾಲ್ ತಂಡದ ಕ್ಯಾಪ್ಟನ್. ಕ್ಯಾಮೆರಾ ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ ಕೂತರು.

"ನಿಮ್ಮ ಸರ್ವಿಸ್ ಗುಟ್ಟೇನು ಸಾರ್?"

"ಅದನ್ನ ಹೇಳೋ ಹಾಗಿಲ್ಲ."

"ತಂಡದಲ್ಲಿ ಯಾರ್ಯಾರಿದ್ದಾರೆ?"

"ಮೇಲಿನವರನ್ನ ಕೇಳ್ಬೇಕು."

"ಹೋಗ್ಲಿ, ಮೊನ್ನೆ ಫೈನಲ್ ಏನಾಯ್ತು?"

ಫ್ಯಾನ್ ಕಡೆ ನೋಡಿದರು. "ಫಲಿತಾಂಶ ಪರಿಶೀಲನೆಯಲ್ಲಿದೆ."

ಅಷ್ಟರಲ್ಲಿ ಅವರ ಪುಟ್ಟ ಮಗಳು ಒಳಗಿಂದ ಓಡಿ ಬಂದು, ಅಪ್ಪ ಸರ್ವಿಸನ್ನೆಲ್ಲ ನೆಟ್ಟಿಗೆ ಹೊಡೆದದ್ದು, ಸೋತದ್ದು, ಮನೆಗೆ ಬಂದು ಊಟ ಬಿಟ್ಟು ಮಲಗಿದ್ದು, ಎಲ್ಲವನ್ನೂ ಅಚ್ಚ ಮಲಯಾಳದಲ್ಲಿ ವರದಿ ಒಪ್ಪಿಸಿಬಿಟ್ಟಳು. "ಇದೊಂದು ಹಾಕ್ಬೇಡಿ" ಅಂತ ವಿಜ್ಞಾನಿಗಳು ಕೈ ಮುಗಿದರು. ಗೆಳೆಯ ಹಾಕಲಿಲ್ಲ. ಮಾತು ಕೊಟ್ಟರೆ ಕೊಟ್ಟ ಹಾಗೆ, ಅವನ ಆ ಗುಣವೂ ನನಗೆ ಇಷ್ಟ. ಅವರು ಫ್ಯಾನ್ ನೋಡುತ್ತಾ ಕೂತ ದೃಶ್ಯವಷ್ಟೇ ಬ್ಲಾಗಿಗೆ ಹೋಯಿತು. ಅದನ್ನು ಅವರ ಕಚೇರಿಯವರೂ ನೋಡಲಿಲ್ಲ. ನೋಡಲು ಒಪ್ಪಿಗೆ ಬಂದಿರಲಿಕ್ಕಿಲ್ಲ.

ರೊಟ್ಟಿ ಕಾಮೆಂಟರಿ

ಓಣಂ ಹತ್ತಿರ ಬಂತು. ಕೊನೆಯ ಪಂದ್ಯಕ್ಕೆ ಕ್ಯಾಮೆರಾ ನಾನೇ ಹಿಡಿದೆ, ಗೋಲುಗಳು ಕಂಡವು. ಆದರೆ ಕೇಳಿಸುವುದು ಬರೀ ಗಾಳಿ. ಮನೆಯಲ್ಲೇ ಕಾಮೆಂಟರಿ ಸೇರಿಸೋಣ ಅಂತ ಕೊಚ್ಚಿಯ ಪಾಲಾರಿವಟ್ಟಂನಲ್ಲಿದ್ದ ಅವನ ಮನೆಗೆ ಹೋದೆವು. ಮೇಜು ಇದ್ದದ್ದು ಅಡುಗೆಮನೆಯಲ್ಲಿ. ಅವನು ಮೈಕಿನ ಮುಂದೆ ಇಂಗ್ಲಿಷ್ ವಾರ್ತೆ ಓದುವವರ ಹಾಗೆ ಶುರುಮಾಡಿದ. ಹಿಂದೆ ವೈನಿ ಪಟಪಟ ಅಂತ ಜೋಳದ ರೊಟ್ಟಿ ಬಡಿಯುತ್ತಿದ್ದರು, ಕಣ್ಣು ಪರದೆ ಮೇಲೆ.

ಗೋಲ್‌ಕೀಪರ್ ಗೋಲ್ ಬಿಟ್ಟು ಮುಂದೆ ಓಡಿದ. ವೈನಿ ತಡೆಯಲಾರದೆ ಕೂಗಿದರು: "ಏ ಖೋಡಿ! ಎಲ್ಲಿ ಹೊಂಟೀ? ಚೆಂಡ್ ನಿನ್ನ ಹಿಂದ ಐತಿ! ಅಯ್ಯ, ಹೋತು! ಹೋತು ನೋಡು!" ಅಲ್ಲಿಂದ ಕೊನೆಯವರೆಗೂ ಅವರದ್ದೇ ಆಟ. ಗೆಳೆಯನ ಇಂಗ್ಲಿಷ್ ಕೇಳುವವರಿಲ್ಲ.

ಮತ್ತೆ ರೆಕಾರ್ಡ್ ಮಾಡಲು ಹೊತ್ತಿರಲಿಲ್ಲ. ಆಗಿನ ಇಂಟರ್ನೆಟ್ಟಿನಲ್ಲಿ ವಿಡಿಯೋ ಹತ್ತಿಸುವುದಕ್ಕೇ ಅರ್ಧ ದಿನ ಬೇಕು. ಗೆಳೆಯ ಹಾಗೇ ಹಾಕಿ, ಎರಡೂ ಕ್ಲಬ್ಬಿನವರಿಗೆ ಕೊಂಡಿ ಕಳಿಸಿ, ತಲೆ ಮೇಲೆ ಕೈ ಹೊತ್ತು ಕೂತ.

ಮರುದಿನ ಹೆದರುತ್ತಲೇ ಬ್ಲಾಗ್ ತೆರೆದೆವು. ಪ್ರತಿಕ್ರಿಯೆಗಳು ಸಾಲುಗಟ್ಟಿ ನಿಂತಿದ್ದವು! ಮೊದಲನೆಯದು ಆ ಗೋಲ್‌ಕೀಪರನದ್ದೇ, ವೈನಿಯನ್ನು ಮಲಯಾಳದಲ್ಲಿ 'ಚೇಚಿ', ಅಂದರೆ ಅಕ್ಕ, ಅಂತ ಕರೆದಿದ್ದ: "ಚೇಚಿ ಹೇಳಿದ್ದು ಒಂದಕ್ಷರ ತಿಳಿಯಲಿಲ್ಲ. ಬೈದದ್ದು ನನಗೇ ಅಂತ ತಿಳಿಯಿತು. ಸರಿಯಾಗೇ ಬೈದಿದ್ದಾರೆ." ಗಲ್ಫಿನಲ್ಲಿದ್ದ ಅವನ ಅಣ್ಣ ಬರೆದಿದ್ದ: "ಚೇಚಿಯನ್ನು ಬಿಡಬೇಡಿ. ಹಿಂದೆ ಚೆಂಡೆ ಬಾರಿಸುವವರು ಯಾರು? ಭಾರಿ ಕೈ." ಇನ್ನೊಬ್ಬ: "ನಡುನಡುವೆ ಇಂಗ್ಲಿಷ್ ಮಾತಾಡುವ ಸಾರನ್ನು ತೆಗೆದುಬಿಡಿ."

ಗೆಳೆಯನಿಗೆ ಬೈಗುಳ ಕಾಣಿಸಲೇ ಇಲ್ಲ. "ನೋಡ್ಯಾರಲೇ! ಮಂದಿ ನೋಡ್ಯಾರ!" ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಅವನ ಕಣ್ಣಲ್ಲಿ ನೀರು.

ಓಣಂ ಊಟಕ್ಕೆ ಕರೆದಿದ್ದರು. ನಾನೇ ಕೇಳಿದೆ: "ವೈನಿ, ಷರತ್ತು ಗೆದ್ದ. ಬ್ಲಾಗ್ ಉಳೀತು ತಾನೆ?"

"ಉಳೀತ್ರಿ. ಇನ್ನ ಭಾನುವಾರ ಮ್ಯಾಚಿಗೆ ನಾ ಹೋಗ್ತೀನಿ" ಅಂದರು ವೈನಿ. ಆಮೇಲೆ ಜೋಳದ ಹಿಟ್ಟಿನ ಡಬ್ಬಿ ತಂದು ಗಂಡನ ಮುಂದಿಟ್ಟರು.

"ನೀವು ರೊಟ್ಟಿ ಬಡಿಯಾಕ ಕಲೀರಿ. ಮಂದಿಗೆ ಹಿಂದ ಚೆಂಡಿ ಸಪ್ಪಳ ಬೇಕಂತ."